ಹೊಸ ಪಿಕಪ್: ಡೀಸೆಲ್ಲೋ, ಸಿಎನ್‌ಜಿಯೋ, ಕರೆಂಟೋ? ಫೋರ್‌ವೀಲ್ ಬೇಕೋ ಬೇಡವೋ?

ಹತ್ತು ವರ್ಷದ ಹಿಂದೆ ಗೂಡ್ಸ್ ಪಿಕಪ್ ಕೊಳ್ಳುವವರು ಎಂಜಿನ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಡೀಸೆಲ್ ಎಂಜಿನ್, ಹಿಂದಿನ ಚಕ್ರಕ್ಕೆ ಎಳೆತ, ಐದು ಗೇರು. ಉಳಿದದ್ದೆಲ್ಲ ಸಾಲದ ಕಂತಿನ ಮಾತು. 2020ರ ಏಪ್ರಿಲ್‌ನಿಂದ ಬಿಎಸ್-6 ಎಂಬ ಹೊಗೆ ನಿಯಮ ಕಡ್ಡಾಯವಾಯಿತು, 2023ರ ಏಪ್ರಿಲ್‌ನಲ್ಲಿ ಅದರ ಎರಡನೇ ಹಂತವೂ ಬಂತು. ಅಲ್ಲಿಂದೀಚೆಗೆ ಡೀಸೆಲ್ ಗಾಡಿ ಹೊಗೆ ಕೊಳವೆಯಲ್ಲಿ ಒಂದು ಸಣ್ಣ ಕಾರ್ಖಾನೆಯನ್ನೇ ಹೊತ್ತು ತಿರುಗುತ್ತಿದೆ. ಆ ಕಾರ್ಖಾನೆಗೆ ಒಗ್ಗುವ ಓಡಾಟ ನಿಮ್ಮದಾಗಿದ್ದರೆ ಡೀಸೆಲ್ ಇವತ್ತಿಗೂ ರಾಜ. ಒಗ್ಗದಿದ್ದರೆ ಮೈಲೇಜಿನಲ್ಲಿ ಉಳಿಸಿದ್ದು ಸರ್ವೀಸ್ ಬಿಲ್ಲಿಗೆ ಹೋಗುತ್ತದೆ.

ಆದ್ದರಿಂದ ಶೋರೂಮಿಗೆ ಕಾಲಿಡುವ ಮೊದಲು ಎಚ್‌ಪಿ, ಟಾರ್ಕ್, ಬಣ್ಣ ಎಲ್ಲವನ್ನೂ ಪಕ್ಕಕ್ಕಿಟ್ಟು ಐದು ವಿಷಯ ಬರೆದುಕೊಳ್ಳಿ.

ಮೊದಲನೆಯದು ತೂಕ. ಒಂದು ಟ್ರಿಪ್ಪಿಗೆ ನಿಜವಾಗಿ ಎಷ್ಟು ಕೆಜಿ? ಕೋಲಾರದ ಮಂಡಿಗೆ 15 ಕೆಜಿಯ 80 ಟೊಮೆಟೊ ಕ್ರೇಟ್ ಒಯ್ಯುವವರು 1,200 ಕೆಜಿ ಎಂದು ಲೆಕ್ಕ ಹಾಕಿ 1.3 ಟನ್ನಿನ ಗಾಡಿ ನೋಡುತ್ತಾರೆ. ಖಾಲಿ ಕ್ರೇಟಿನ ತೂಕ ಒಂದೂವರೆ ಎರಡು ಕೆಜಿ, ಮೇಲೆ ಇಬ್ಬರು ಹಮಾಲರು. ಲೋಡ್ ಆಗಲೇ ಮಿತಿ ದಾಟಿರುತ್ತದೆ. ಓವರ್‌ಲೋಡಿಗೆ 2019ರ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ₹20,000, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ ₹2,000 ದಂಡವಿದೆ. ಅದಕ್ಕಿಂತ ದೊಡ್ಡ ನಷ್ಟ ಹಿಂದಿನ ಆಕ್ಸಲ್ ಬೇರಿಂಗ್, ಕ್ಲಚ್ ಮತ್ತು ಸ್ಪ್ರಿಂಗ್ ಪ್ಲೇಟಿನದು.

ಎರಡನೆಯದು ಓಟದ ಬಗೆ. ದಿನಕ್ಕೆ 120 ಕಿ.ಮೀ. ಎಂದಷ್ಟೇ ಹೇಳಿದರೆ ಸಾಲದು. ಒಂದೇ ಸಮ ಹೆದ್ದಾರಿಯಲ್ಲಿ 120 ಕಿ.ಮೀ. ಓಡುವುದು ಬೇರೆ, ನಾಲ್ಕು ನಾಲ್ಕು ಕಿ.ಮೀ.ನಂತೆ ಮೂವತ್ತು ಕಡೆ ನಿಲ್ಲಿಸಿ ಹೊರಡುವುದು ಬೇರೆ. ಎಂಜಿನ್ ಆಯ್ಕೆಯನ್ನು ತೀರ್ಮಾನಿಸುವುದು ಬಹುತೇಕ ಇದೊಂದೇ ವಿಷಯ.

ಮೂರನೆಯದು ದಾರಿಯಲ್ಲಿರುವ ಅತ್ಯಂತ ಕೆಟ್ಟ ಒಂದು ಕಿಲೋಮೀಟರ್. ಉಳಿದ 99 ಕಿ.ಮೀ. ಟಾರ್ ರಸ್ತೆಯೇ ಇರಲಿ. ಆ ಒಂದು ಕಿ.ಮೀ. ಜುಲೈ ತಿಂಗಳಿನಲ್ಲಿ ಹೇಗಿರುತ್ತದೆ, ಅದನ್ನು ಹತ್ತುವಾಗ ಗಾಡಿ ತುಂಬಿರುತ್ತದೋ ಖಾಲಿಯೋ ಎಂಬುದು ಎಳೆತ ಎರಡು ಚಕ್ರಕ್ಕೆ ಸಾಕೋ (ಟೂವೀಲ್), ನಾಲ್ಕಕ್ಕೂ ಬೇಕೋ (ಫೋರ್‌ವೀಲ್) ಎಂಬ ಪ್ರಶ್ನೆಗೆ ಉತ್ತರ ಕೊಡುತ್ತದೆ.

ನಾಲ್ಕನೆಯದು ಇಂಧನ ಮತ್ತು ಮೆಕ್ಯಾನಿಕ್ ಎಷ್ಟು ದೂರ ಎಂಬುದು. ಐದನೆಯದು ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ ಎಂಬುದು. ನಾಲ್ಕು ವರ್ಷಕ್ಕೆ ಮಾರುವವರಿಗೆ ಮರುಮಾರಾಟದ ಬೆಲೆ ಮುಖ್ಯ, ಹನ್ನೆರಡು ವರ್ಷ ಓಡಿಸುವವರಿಗೆ ಬಿಡಿಭಾಗದ ಬೆಲೆ.

ಕಾಗದದ ಲೆಕ್ಕವೂ ಒಂದಿದೆ. ಒಟ್ಟು ತೂಕ, ಅಂದರೆ ಗಾಡಿ ಮತ್ತು ಲೋಡ್ ಸೇರಿ ಆರ್‌ಸಿಯಲ್ಲಿ ಬರೆದಿರುವ ತೂಕ, 3,000 ಕೆಜಿ ಮೀರದ ಗೂಡ್ಸ್ ಗಾಡಿಗೆ ಪರ್ಮಿಟ್ ಬೇಕಿಲ್ಲ. ಈ ವರ್ಗದ ಎಷ್ಟೋ ಗಾಡಿಗಳ ಒಟ್ಟು ತೂಕ 3,000ಕ್ಕೆ ಸ್ವಲ್ಪವೇ ಕಡಿಮೆ ಇರುವುದು ಕಾಕತಾಳೀಯವಲ್ಲ. 1.7 ಅಥವಾ 2 ಟನ್ ಹೊರುವ ಮಾದರಿಗೆ ಹೋದರೆ ಪರ್ಮಿಟ್ ಖರ್ಚನ್ನೂ ಓಡಾಟವನ್ನೂ ಸೇರಿಸಿಕೊಳ್ಳಿ. ಲೈಸೆನ್ಸ್ ವಿಷಯದಲ್ಲಿ ಚಿಂತೆ ಬೇಡ. 7,500 ಕೆಜಿ ಒಳಗಿನ ಸಾರಿಗೆ ವಾಹನವನ್ನು ಎಲ್‌ಎಂವಿ, ಅಂದರೆ ಲಘು ಮೋಟಾರು ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಖಚಿತಪಡಿಸಿದೆ.

ಡೀಸೆಲ್: ಓಡುವವರಿಗೆ ಒಳ್ಳೆಯದು, ನಿಲ್ಲುವವರಿಗಲ್ಲ

ಡೀಸೆಲ್ಲಿನ ಬಲ ಇರುವುದು ಕೆಳಗಿನ ಆರ್‌ಪಿಎಂನಲ್ಲಿ. ಬೊಲೆರೊ ಪಿಕಪ್‌ನ 2.5 ಲೀಟರ್ ಎಂಜಿನ್ನಿಗೆ ಸುಮಾರು 75 ಎಚ್‌ಪಿ ಮಾತ್ರ, ಆದರೆ ಟಾರ್ಕ್, ಅಂದರೆ ತಿರುಗಿಸುವ ಬಲ, 200 ಎನ್‌ಎಂ (ನ್ಯೂಟನ್ ಮೀಟರ್). ಟಾಟಾ ಇಂಟ್ರಾ ವಿ30ಕ್ಕೆ 1.5 ಲೀಟರಿನಲ್ಲಿ 70 ಎಚ್‌ಪಿ, ಟಾರ್ಕ್ 140 ಎನ್‌ಎಂ. ವಿ50ಗೆ 80 ಎಚ್‌ಪಿ, 220 ಎನ್‌ಎಂ. ಯೋಧ 2.0 ಎಂಬ ಎರಡು ಟನ್ನಿನ ಗಾಡಿಯ 2.2 ಲೀಟರ್ ಎಂಜಿನ್ 100 ಎಚ್‌ಪಿ, 250 ಎನ್‌ಎಂ ಕೊಡುತ್ತದೆ. ಎಚ್‌ಪಿ ಅಂಕಿ ಹೆದ್ದಾರಿಯ ವೇಗದ ಮಾತು. ತುಂಬಿದ ಗಾಡಿ ಏರಿನಲ್ಲಿ ನಿಂತು ಮತ್ತೆ ಹೊರಡಬೇಕಾದಾಗ ಕೆಲಸಕ್ಕೆ ಬರುವುದು ಟಾರ್ಕ್. ಆ ಟಾರ್ಕ್ ಎಷ್ಟು ಆರ್‌ಪಿಎಂಗೆ ಕೈಗೆ ಸಿಗುತ್ತದೆ ಎಂಬುದು ಅದಕ್ಕಿಂತ ಮುಖ್ಯ. 1,400ರ ಆಸುಪಾಸಿನಲ್ಲೇ ಪೂರ್ತಿ ಟಾರ್ಕ್ ಸಿಗುವ ಎಂಜಿನ್ನಿನಲ್ಲಿ ಹಾಫ್ ಕ್ಲಚ್ ಕಡಿಮೆ, ಕ್ಲಚ್ ಪ್ಲೇಟಿಗೆ ಆಯುಷ್ಯ ಹೆಚ್ಚು.

ಈಗ ಆ ಹೊಗೆ ಕೊಳವೆಯ ಕಾರ್ಖಾನೆಗೆ ಬರೋಣ. ಡಿಪಿಎಫ್ ಎಂಬ ಜರಡಿ ಮಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಸಿ ತುಂಬುತ್ತಾ ಬಂದಾಗ ಎಂಜಿನ್ನಿನ ಕಂಪ್ಯೂಟರ್ ಸ್ವಲ್ಪ ಹೆಚ್ಚುವರಿ ಡೀಸೆಲ್ ಸುರಿದು ಜರಡಿಯ ಬಿಸಿಯನ್ನು ಸುಮಾರು 600 ಡಿಗ್ರಿಗೆ ಏರಿಸಿ ಮಸಿಯನ್ನು ಸುಟ್ಟುಹಾಕುತ್ತದೆ. ಇದಕ್ಕೆ ರೀಜನರೇಷನ್ ಎನ್ನುತ್ತಾರೆ. ಗಾಡಿ ಒಂದೇ ಸಮ ಓಡುತ್ತಿದ್ದರೆ ಹದಿನೈದು ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ, ಡ್ರೈವರಿಗೆ ಗೊತ್ತೂ ಆಗುವುದಿಲ್ಲ. ತುಮಕೂರಿನಿಂದ ಯಶವಂತಪುರಕ್ಕೆ ದಿನವೂ ತರಕಾರಿ ಹೊಡೆಯುವ ಗಾಡಿಗೆ ಇದು ಸಮಸ್ಯೆಯೇ ಅಲ್ಲ.

ಸಮಸ್ಯೆ ಇರುವುದು ನೀರಿನ ಕ್ಯಾನ್, ಹಾಲು, ಗ್ಯಾಸ್ ಸಿಲಿಂಡರ್, ಕಿರಾಣಿ ಹಂಚುವ ಗಾಡಿಗಳಲ್ಲಿ. ಸುಡುವ ಕೆಲಸ ಶುರುವಾಗಿ ಐದು ನಿಮಿಷಕ್ಕೆ ಡ್ರೈವರ್ ಕೀ ತಿರುಗಿಸಿ ಇಳಿಯುತ್ತಾನೆ. ಅದು ಅರ್ಧಕ್ಕೆ ನಿಲ್ಲುತ್ತದೆ. ದಿನಕ್ಕೆ ಹತ್ತು ಸಲ ಹೀಗಾದರೆ ಎರಡು ತೊಂದರೆ. ಒಂದು, ಜರಡಿ ಕಟ್ಟಿ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ, ಆಮೇಲೆ ಎಂಜಿನ್ ತಾನೇ ಬಲ ಕಡಿಮೆ ಮಾಡಿಕೊಳ್ಳುತ್ತದೆ. ಎರಡು, ಸುಡದೆ ಉಳಿದ ಡೀಸೆಲ್ ಸಿಲಿಂಡರ್ ಗೋಡೆಯ ಮೂಲಕ ಇಳಿದು ಎಂಜಿನ್ ಆಯಿಲಿನಲ್ಲಿ ಬೆರೆಯುತ್ತದೆ. ಹಳೆಯ ಗಾಡಿಗಳಲ್ಲಿ ಆಯಿಲ್ ಕಡಿಮೆಯಾದರೆ ಚಿಂತೆ ಮಾಡುತ್ತಿದ್ದೆವು. ಬಿಎಸ್-6 ಗಾಡಿಯಲ್ಲಿ ಹೆಚ್ಚಾದರೂ ಚಿಂತೆ ಮಾಡಬೇಕು. ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡಿ. ಮಟ್ಟ ಮೇಲಿನ ಗೆರೆ ದಾಟಿ ಡೀಸೆಲ್ ವಾಸನೆ ಬಂದರೆ ಸರ್ವೀಸ್ ದಿನಕ್ಕೆ ಕಾಯದೆ ಆಯಿಲ್ ಬದಲಿಸಿ. ಇಲ್ಲದಿದ್ದರೆ ತೆಳುವಾದ ಆಯಿಲಿನಲ್ಲಿ ಟರ್ಬೊ ಬೇರಿಂಗೇ ಮೊದಲು ಹೋಗುತ್ತದೆ.

ದೀಪ ಹತ್ತಿದ ಕೂಡಲೇ ಮಾಡಬೇಕಾದದ್ದು ಇಷ್ಟು: ರಿಂಗ್ ರಸ್ತೆಯಂಥ ಖಾಲಿ ದಾರಿ ಹಿಡಿದು, ಒಂದು ಗೇರ್ ಕೆಳಗಿಟ್ಟು, 2,000 ಆರ್‌ಪಿಎಂ ಆಸುಪಾಸಿನಲ್ಲಿ ಇಪ್ಪತ್ತು ನಿಮಿಷ ನಿಲ್ಲಿಸದೆ ಓಡಿಸುವುದು. ದೀಪ ಮಿನುಗಲು ಶುರುವಾಗಿದ್ದರೆ ಅಥವಾ ಎಂಜಿನ್ ಬಲ ಬಿಟ್ಟಿದ್ದರೆ ಓಡಿಸಿ ಪ್ರಯೋಜನವಿಲ್ಲ, ಸರ್ವೀಸ್ ಸೆಂಟರಿನ ಕಂಪ್ಯೂಟರಿನಲ್ಲೇ ಸುಡಿಸಬೇಕು. ಆಯಿಲ್ ಹಾಕುವಾಗ ಮ್ಯಾನುಯಲ್‌ನಲ್ಲಿ ಹೇಳಿದ ಕಡಿಮೆ ಬೂದಿಯ ದರ್ಜೆಯದನ್ನೇ ಹಾಕಿ. ಊರಿನ ಅಂಗಡಿಯ ಹಳೆ ದರ್ಜೆಯ ಆಯಿಲ್ ಅಗ್ಗ, ನಿಜ. ಆದರೆ ಅದರ ಬೂದಿ ಜರಡಿಯಲ್ಲಿ ಕೂತರೆ ಎಷ್ಟು ಬಿಸಿ ಮಾಡಿದರೂ ಹೋಗುವುದಿಲ್ಲ.

ಕೆಲವು ಡೀಸೆಲ್ ಮಾದರಿಗಳಲ್ಲಿ ಯೂರಿಯಾ ದ್ರಾವಣದ ಇನ್ನೊಂದು ಟ್ಯಾಂಕ್ ಇರುತ್ತದೆ, ಡಿಇಎಫ್ ಅಥವಾ ಆಡ್‌ಬ್ಲೂ ಎನ್ನುವುದು ಇದನ್ನೇ. ಅದರಲ್ಲಿ 32.5 ಶೇಕಡ ಯೂರಿಯಾ, ಉಳಿದದ್ದು ಶುದ್ಧ ನೀರು. ಹೊಲಕ್ಕೆ ಹಾಕುವ ಯೂರಿಯಾವನ್ನು ನಲ್ಲಿ ನೀರಿನಲ್ಲಿ ಕರಗಿಸಿ ಹಾಕಿ ಇಂಜೆಕ್ಟರ್ ಕಟ್ಟಿಸಿಕೊಂಡವರು ಕಡಿಮೆಯಿಲ್ಲ. ಟ್ಯಾಂಕ್ ಬರಿದಾದರೆ ಎಂಜಿನ್ ಬಲ ಕಡಿಮೆಯಾಗುತ್ತದೆ, ಕೊನೆಗೆ ಮತ್ತೆ ಸ್ಟಾರ್ಟೇ ಆಗುವುದಿಲ್ಲ. ನೀವು ನೋಡುತ್ತಿರುವ ಮಾದರಿಯಲ್ಲಿ ಇದು ಇದೆಯೋ ಇಲ್ಲವೋ ಎಂದು ಬುಕಿಂಗಿಗೆ ಮೊದಲೇ ಕೇಳಿ.

ತೋಟದಲ್ಲಿ ಬ್ಯಾರಲ್ಲಿನಿಂದ ಡೀಸೆಲ್ ತುಂಬುವವರಿಗೆ ಒಂದು ಮಾತು. ಮಳೆಗಾಲದಲ್ಲಿ ಬ್ಯಾರಲ್ ಒಳಗೆ ನೀರು ಕೂರುತ್ತದೆ. ಕಾಮನ್ ರೈಲ್ ಇಂಜೆಕ್ಟರುಗಳು ಸಾವಿರಕ್ಕೂ ಹೆಚ್ಚು ಬಾರ್ ಒತ್ತಡದಲ್ಲಿ ಕೆಲಸ ಮಾಡುವಂಥವು, ನೀರಿನ ಒಂದು ಗುಟುಕೂ ಅವಕ್ಕೆ ಆಗದು. ಬ್ಯಾರಲ್ಲಿನ ತಳದ ನಾಲ್ಕು ಬೆರಳಷ್ಟನ್ನು ಬಿಟ್ಟೇ ತೆಗೆಯಿರಿ, ಫಿಲ್ಟರ್ ಕೆಳಗಿನ ನೀರಿನ ಸ್ಕ್ರೂವನ್ನು ವಾರಕ್ಕೊಮ್ಮೆ ಸಡಿಲಿಸಿ ನೀರು ಬಿಡಿ.

ಇಷ್ಟೆಲ್ಲ ಹೇಳಿದ ಮೇಲೂ, ಒಂದು ಟನ್ನಿಗಿಂತ ಹೆಚ್ಚು ಹೊತ್ತು, ದಿನಕ್ಕೆ ನೂರು ಕಿ.ಮೀ. ಮೇಲೆ, ಜಿಲ್ಲೆಯಿಂದ ಜಿಲ್ಲೆಗೆ ಓಡುವ ಗಾಡಿಗೆ ಡೀಸೆಲ್ಲಿಗೆ ಸಮನಾದದ್ದು ಇನ್ನೂ ಬಂದಿಲ್ಲ. ಪಂಪು ಎಲ್ಲೆಡೆ ಇದೆ, ಮಾರುವಾಗ ಕೇಳುವವರಿದ್ದಾರೆ, ಘಾಟಿ ಇಳಿಯುವಾಗ ಗೇರಿನಲ್ಲಿ ಗಾಡಿ ಹಿಡಿಯುತ್ತದೆ.

ಸಿಎನ್‌ಜಿ: ಪಂಪಿನ ದೂರ ಅಳೆದು ನೋಡಿ

ಲೆಕ್ಕ ಹೀಗೆ ಮಾಡಿ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಊರಿನ ದರ ಹಾಕಿಕೊಳ್ಳಿ. ಡೀಸೆಲ್ ಲೀಟರಿಗೆ ₹90, ತುಂಬಿದ ಗಾಡಿ ಲೀಟರಿಗೆ 13 ಕಿ.ಮೀ. ಕೊಟ್ಟರೆ ಕಿಲೋಮೀಟರಿಗೆ ₹6.90. ಸಿಎನ್‌ಜಿ ಕೆಜಿಗೆ ₹90, ಅಷ್ಟೇ ತೂಕದ ಗಾಡಿ ಕೆಜಿಗೆ 15 ಕಿ.ಮೀ. ಕೊಟ್ಟರೆ ₹6. ವ್ಯತ್ಯಾಸ 90 ಪೈಸೆ. ವರ್ಷಕ್ಕೆ 30,000 ಕಿ.ಮೀ. ಓಡಿದರೆ ₹27,000 ಉಳಿಯುತ್ತದೆ. ಉತ್ತರ ಭಾರತದ ಬ್ರೋಷರಿನಲ್ಲಿ ಕಾಣುವಷ್ಟು ದೊಡ್ಡ ಉಳಿತಾಯ ಇಲ್ಲಿಲ್ಲ, ಏಕೆಂದರೆ ಸಿಎನ್‌ಜಿ ಬೆಲೆ ಊರಿಂದೂರಿಗೆ ಬದಲಾಗುತ್ತದೆ. ಆದರೆ ಇಲ್ಲಿ ಉಳಿಯುವ ಇನ್ನೊಂದು ಖರ್ಚು ಈ ಲೆಕ್ಕದಲ್ಲಿಲ್ಲ. ಸಿಎನ್‌ಜಿ ಎಂಜಿನ್ನಿಗೆ ಡೀಸೆಲ್ಲಿನ ಮಸಿ ಜರಡಿಯೂ ಇಲ್ಲ, ಯೂರಿಯಾ ಟ್ಯಾಂಕೂ ಇಲ್ಲ. ಮೂವತ್ತು ಕಡೆ ನಿಂತು ಹೊರಡುವ ಸಿಟಿ ಗಾಡಿಗೆ ಇದೇ ಇದರ ನಿಜವಾದ ಲಾಭ.

ಇನ್ನು ಕಿರಿಕಿರಿಗಳು. ಗ್ಯಾಸನ್ನು 200 ಬಾರ್ ಒತ್ತಡಕ್ಕೆ ತುಂಬಬೇಕು. ಸಂಜೆ ಸಾಲು ಉದ್ದವಾದಾಗ ಪಂಪಿನ ಒತ್ತಡ ಇಳಿದು 150, 160ಕ್ಕೇ ನಿಂತುಬಿಡುತ್ತದೆ. ದುಡ್ಡು ಕೊಡುವುದು ಕೆಜಿ ಲೆಕ್ಕದಲ್ಲೇ, ಮೋಸವೇನಿಲ್ಲ. ಆದರೆ ಸಿಲಿಂಡರ್ ಮುಕ್ಕಾಲು ಮಾತ್ರ ತುಂಬಿರುತ್ತದೆ, ಮರುದಿನ ಮಧ್ಯಾಹ್ನವೇ ಮತ್ತೆ ಸಾಲಿನಲ್ಲಿ ನಿಲ್ಲಬೇಕು. ನಸುಕಿನಲ್ಲಿ ತುಂಬಿಸುವ ರೂಢಿ ಒಳ್ಳೆಯದು. ಸಾಲಿನಲ್ಲಿ ದಿನಕ್ಕೆ ನಲವತ್ತು ನಿಮಿಷ ಹೋದರೆ ಒಂದು ಬಾಡಿಗೆ ಟ್ರಿಪ್ಪೇ ಹೋಯಿತು. ಆ ಟ್ರಿಪ್ಪಿನ ಬೆಲೆಯನ್ನೂ 90 ಪೈಸೆಯ ಎದುರಿಗಿಟ್ಟು ನೋಡಿ.

ಸಿಲಿಂಡರಿನ ತೂಕ ಲೋಡಿನಿಂದಲೇ ಕಳೆಯುತ್ತದೆ. ಮಾರುತಿ ಸೂಪರ್ ಕ್ಯಾರಿ ಪೆಟ್ರೋಲಿನಲ್ಲಿ 740 ಕೆಜಿ ಹೊರುತ್ತದೆ, ಸಿಎನ್‌ಜಿಯಲ್ಲಿ 625. ಅಂದರೆ ಟ್ರಿಪ್ಪಿಗೆ ಎರಡು ಮೂಟೆ ಕಡಿಮೆ. ಮೂರು ವರ್ಷಕ್ಕೊಮ್ಮೆ ಸಿಲಿಂಡರಿನ ಹೈಡ್ರೋ ಟೆಸ್ಟ್ (ನೀರಿನ ಒತ್ತಡದ ಪರೀಕ್ಷೆ) ಮಾಡಿಸಬೇಕು, ಟೆಸ್ಟ್ ಪ್ಲೇಟಿನಲ್ಲಿ ಬರೆದ ದಿನಾಂಕ ದಾಟಿದ್ದರೆ ಪಂಪಿನವರು ಗ್ಯಾಸ್ ಹಾಕುವುದಿಲ್ಲ. ಸ್ಪಾರ್ಕ್ ಪ್ಲಗ್ಗುಗಳನ್ನು ಪೆಟ್ರೋಲ್ ಗಾಡಿಗಿಂತ ಬೇಗ ಬದಲಿಸಬೇಕಾಗುತ್ತದೆ. ಗ್ಯಾಸನ್ನು ಹೊತ್ತಿಸಲು ಹೆಚ್ಚು ವೋಲ್ಟೇಜ್ ಬೇಕು, ಪ್ಲಗ್ ಸವೆದರೆ ಒತ್ತಡ ಇಗ್ನಿಷನ್ ಕಾಯಿಲ್ ಮೇಲೆ ಬೀಳುತ್ತದೆ. ಏರಿನಲ್ಲಿ ಜರ್ಕ್ ಹೊಡೆದರೆ ಮೊದಲು ನೋಡಬೇಕಾದದ್ದು ಇದನ್ನೇ. ಟರ್ಬೊ ಇಲ್ಲದ ಸಣ್ಣ ಎಂಜಿನ್ ಪೆಟ್ರೋಲಿಗಿಂತ ಗ್ಯಾಸಿನಲ್ಲಿ ಶೇಕಡ ಹತ್ತರಷ್ಟು ಬಲ ಬಿಡುತ್ತದೆ. ಘಾಟಿಯಲ್ಲಿ ಅದು ಒಂದು ಗೇರಿನಷ್ಟು ವ್ಯತ್ಯಾಸ.

ಬೆಂಗಳೂರು, ಮೈಸೂರು, ಹುಬ್ಬಳ್ಳಿ-ಧಾರವಾಡ, ಕರಾವಳಿ ಪಟ್ಟಣಗಳ ಸುತ್ತ ಪಂಪು ಸಿಗುತ್ತದೆ. ಮಲೆನಾಡಿನ ಒಳಗೆ ಹೋದಂತೆ ವಿರಳ. ಆದ್ದರಿಂದ ಎರಡೂ ಇಂಧನದಲ್ಲಿ ಓಡುವ ಗಾಡಿಯೇ ಮೇಲು. ಟಾಟಾ ಇಂಟ್ರಾ ವಿ20 ಒಂದು ಟನ್ ಹೊರುವ ಬೈ-ಫ್ಯೂಯೆಲ್ ಗಾಡಿ, ಪೆಟ್ರೋಲ್ ಟ್ಯಾಂಕೂ ದೊಡ್ಡದೇ. ಸೂಪರ್ ಕ್ಯಾರಿಯ ಸಿಎನ್‌ಜಿ ಮಾದರಿಯಲ್ಲಿ ಪೆಟ್ರೋಲಿಗೆ ಇರುವುದು ಐದೇ ಲೀಟರ್, ಅದು ಮುಂದಿನ ಪಂಪು ಮುಟ್ಟಲು ಮಾತ್ರ. ಹೊರಗಿನ ಕಿಟ್ ಕೂರಿಸುವ ಯೋಚನೆ ಇದ್ದರೆ ಬಿಡಿ. ವಾರಂಟಿ ಹೋಗುತ್ತದೆ, ಆರ್‌ಸಿಯಲ್ಲಿ ನಮೂದಾಗದ ಕಿಟ್ ಇದ್ದರೆ ವಿಮೆಯವರು ತಕರಾರು ತೆಗೆಯುತ್ತಾರೆ.

ಪೆಟ್ರೋಲ್

ಹೆಚ್ಚು ಹೇಳುವಂಥದ್ದಿಲ್ಲ. ಮುಕ್ಕಾಲು ಟನ್ನಿನೊಳಗೆ, ದಿನಕ್ಕೆ 40 ಕಿ.ಮೀ. ಒಳಗೆ ಓಡುವ ಅಂಗಡಿ ಗಾಡಿಗೆ ಪೆಟ್ರೋಲ್ ಸಾಕು. ಕಿಲೋಮೀಟರಿಗೆ ಡೀಸೆಲ್ಲಿಗಿಂತ ₹1.30 ಹೆಚ್ಚು ಖರ್ಚಾಗುತ್ತದೆ, ಗಾಡಿ ₹1 ಲಕ್ಷ ಅಗ್ಗಕ್ಕೆ ಸಿಗುತ್ತದೆ ಎಂದುಕೊಳ್ಳಿ. ಆ ಲಕ್ಷ ಖರ್ಚಾಗಲು 77,000 ಕಿ.ಮೀ. ಬೇಕು. ದಿನಕ್ಕೆ 40 ಕಿ.ಮೀ.ನಂತೆ ತಿಂಗಳಿಗೆ 25 ದಿನ ಓಡಿದರೆ ಆರು ವರ್ಷ ದಾಟುತ್ತದೆ. ಲೆಕ್ಕ ಅಲ್ಲಿಗೆ ಮುಗಿಯಿತು.

ಕರೆಂಟ್ ಗಾಡಿ

ಟಾಟಾ ಏಸ್ ಇವಿಯನ್ನೇ ತೆಗೆದುಕೊಳ್ಳೋಣ. ಬ್ಯಾಟರಿ 21.3 ಕಿಲೋವ್ಯಾಟ್-ಅವರ್, ಅಂದರೆ ನಮ್ಮ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ 21.3 ಯೂನಿಟ್. ಮೊದಲ ಮಾದರಿ 600 ಕೆಜಿ ಹೊರುತ್ತಿತ್ತು, 2024ರಲ್ಲಿ ಒಂದು ಟನ್ನಿನ ಮಾದರಿಯೂ ಬಂತು. ಪರೀಕ್ಷಾಲಯದ ಓಟ 150 ಕಿ.ಮೀ. ದಾಟುತ್ತದೆ. ಲೋಡ್ ಹಾಕಿ, ಟ್ರಾಫಿಕ್ಕಿನಲ್ಲಿ, ಬ್ಯಾಟರಿ ಪೂರ್ತಿ ಬರಿದಾಗಲು ಬಿಡದೆ ಓಡಿಸುವಾಗ ನೂರು ಕಿ.ಮೀ. ಎಂದು ಹಿಡಿದು ದಿನದ ಟ್ರಿಪ್ಪು ಹಾಕಿ. ಹಾಗೆ ಹಿಡಿದರೆ ಕಿಲೋಮೀಟರಿಗೆ ಕಾಲು ಯೂನಿಟ್ಟಿನೊಳಗೆ. ಯೂನಿಟ್ಟಿಗೆ ₹8 ಬಿದ್ದರೆ ಕಿಲೋಮೀಟರಿಗೆ ₹2, ಹೊರಗಿನ ಚಾರ್ಜರಿನಲ್ಲಿ ₹20 ಕೊಟ್ಟರೆ ₹5. ಅಂದರೆ ರಾತ್ರಿ ಗಾಡಿ ನಿಲ್ಲುವ ಜಾಗದಲ್ಲಿ ನಿಮ್ಮದೇ ಮೀಟರಿನ 15 ಆಂಪಿಯರ್ ಪಾಯಿಂಟ್ ಇದ್ದರೆ ಇದಕ್ಕಿಂತ ಅಗ್ಗದ ಗಾಡಿ ಬೇರೆ ಇಲ್ಲ. ರಸ್ತೆ ಬದಿಯಲ್ಲಿ ನಿಲ್ಲಿಸುವವರಿಗೆ ಲಾಭ ಅರ್ಧಕ್ಕರ್ಧ ಕರಗುತ್ತದೆ.

ಮೋಟರಿನ ಟಾರ್ಕ್ ಸೊನ್ನೆ ಆರ್‌ಪಿಎಂನಿಂದಲೇ ಸಿಗುವುದರಿಂದ ಫ್ಲೈಓವರ್ ಏರಿನಲ್ಲಿ ನಿಂತು ಹೊರಡುವುದು ಸಲೀಸು. ಕ್ಲಚ್ಚೇ ಇಲ್ಲ, ಅದು ಸುಡುವ ಮಾತೂ ಇಲ್ಲ. ಇಳಿಜಾರಿನಲ್ಲಿ ಮೋಟರೇ ಬ್ರೇಕಾಗಿ ಬ್ಯಾಟರಿ ತುಂಬುತ್ತದೆ. ಇಲ್ಲೊಂದು ಸೂಕ್ಷ್ಮ ಇದೆ, ಗುಡ್ಡದ ಊರಿನವರು ಗಮನಿಸಬೇಕು. ಮೇಲೆಯೇ ಪೂರ್ತಿ 100ಕ್ಕೆ ಚಾರ್ಜ್ ಮಾಡಿ ಕೆಳಗಿಳಿದರೆ ತುಂಬಿದ ಬ್ಯಾಟರಿಗೆ ಇನ್ನಷ್ಟು ತುಂಬಲು ಜಾಗವಿರುವುದಿಲ್ಲ. ಮೋಟರಿನ ಹಿಡಿತ ಸಡಿಲವಾಗಿ ಭಾರವೆಲ್ಲ ಚಕ್ರದ ಬ್ರೇಕಿನ ಮೇಲೆ ಬೀಳುತ್ತದೆ. ಮೇಲಿಂದ ಹೊರಡುವ ಗಾಡಿಯ ಚಾರ್ಜನ್ನು ಶೇಕಡ 85ಕ್ಕೆ ನಿಲ್ಲಿಸಿ. ಮರುಮಾರಾಟದ ಬೆಲೆ ಇನ್ನೂ ಸರಿಯಾಗಿ ನಿಂತಿಲ್ಲ. ಬ್ಯಾಟರಿ ವಾರಂಟಿ ಎರಡನೇ ಮಾಲೀಕರಿಗೂ ಸಿಗುತ್ತದೆಯೇ, ಎಷ್ಟು ಶೇಕಡ ಉಳಿದಿದ್ದರೆ ಬದಲಿಸಿ ಕೊಡುತ್ತಾರೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ.

ಎಳೆತ ಯಾವ ಚಕ್ರಕ್ಕೆ?

ಗೂಡ್ಸ್ ಪಿಕಪ್ಪುಗಳಿಗೆ ಎಳೆತವನ್ನು ಹಿಂದಿನ ಚಕ್ರಕ್ಕೇ ಕೊಡಲು ಕಾರಣವಿದೆ. ಲೋಡ್ ಕೂರುವುದು ಹಿಂದಿನ ಆಕ್ಸಲ್ ಮೇಲೆ, ಏರು ಹತ್ತುವಾಗ ತೂಕ ಇನ್ನಷ್ಟು ಹಿಂದಕ್ಕೆ ಸರಿಯುತ್ತದೆ. ತುಂಬಿದ ಗಾಡಿಯ ಹಿಡಿತ ಏರಿನಲ್ಲಿ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಜಾರಿ ಹೂತುಕೊಳ್ಳುವುದು ಹೆಚ್ಚಾಗಿ ಖಾಲಿ ಗಾಡಿ. ಎಂಜಿನ್ ಮತ್ತು ಕ್ಯಾಬಿನ್ನಿನ ತೂಕವೆಲ್ಲ ಮುಂದಿರುತ್ತದೆ, ಹಿಂದಿನ ಟೈರು ಕೆಸರಿನಲ್ಲಿ ಸುಮ್ಮನೆ ಸುತ್ತುತ್ತದೆ. ಅದಕ್ಕೇ ಕೇಳಿದ್ದು, ಆ ಕೆಟ್ಟ ಕಿಲೋಮೀಟರನ್ನು ತುಂಬಿ ಹತ್ತುತ್ತೀರೋ ಖಾಲಿ ಹತ್ತುತ್ತೀರೋ ಎಂದು. ಕಾಫಿ ಹಣ್ಣು ತುಂಬಿ ತೋಟದಿಂದ ಮೇಲೆ ರಸ್ತೆಗೆ ಬರುವವರ ಕಥೆ ಬೇರೆ, ಗೊಬ್ಬರ ಇಳಿಸಿ ಖಾಲಿ ಹತ್ತುವವರ ಕಥೆ ಬೇರೆ.

ಖಾಲಿ ಹತ್ತುವವರು ಫೋರ್‌ವೀಲಿಗೆ ದುಡ್ಡು ಸುರಿಯುವ ಮೊದಲು ಮೂರು ಅಗ್ಗದ ದಾರಿ ನೋಡಬಹುದು. ಮಳೆಗಾಲದ ನಾಲ್ಕು ತಿಂಗಳು ಹಿಂದಿನ ಆಕ್ಸಲ್ ನೇರಕ್ಕೆ, ಬಾಡಿಯ ಕೊನೆಗಲ್ಲ, ನಾಲ್ಕು ಮರಳಿನ ಮೂಟೆ ಕಟ್ಟಿಡಿ. ಸುಮಾರು 200 ಕೆಜಿ ಇದ್ದರೆ ಸಾಕು, ಜಾರದಂತೆ ಹಗ್ಗ ಬಿಗಿಯಿರಿ. ಹಿಂದಿನ ಟೈರು ಬದಲಿಸುವಾಗ ಆಳವಾದ ಕಚ್ಚಿನ, ಮಣ್ಣಿನ ದಾರಿಯ ಪ್ಯಾಟರ್ನ್ ಹಾಕಿಸಿ. ಹೆದ್ದಾರಿಯಲ್ಲಿ ಸದ್ದು, ಸ್ವಲ್ಪ ಮೈಲೇಜು ಹೋಗುತ್ತದೆ ಅಷ್ಟೇ. ಮೂರನೆಯದಾಗಿ ಹಿಂದಿನ ಡಿಫರೆನ್ಷಿಯಲ್ಲಿಗೆ (ಎರಡು ಚಕ್ರಕ್ಕೆ ಬಲ ಹಂಚುವ ಗೇರ್ ಪೆಟ್ಟಿಗೆಗೆ), ಒಂದೇ ಚಕ್ರ ಸುಮ್ಮನೆ ಸುತ್ತದಂತೆ ತಡೆಯುವ ಲಾಕ್ ಅಥವಾ ಲಿಮಿಟೆಡ್ ಸ್ಲಿಪ್ ಇರುವ ಮಾದರಿ ಸಿಗುತ್ತದೆಯೇ ಕೇಳಿ. ಮಾಮೂಲಿ ಡಿಫರೆನ್ಷಿಯಲ್ ಎರಡೂ ಚಕ್ರಕ್ಕೆ ಸಮ ಬಲ ಕೊಡುವುದರಿಂದ ಒಂದು ಚಕ್ರ ಕೆಸರಿನಲ್ಲಿ ಹಿಡಿತ ಬಿಟ್ಟರೆ ಗಟ್ಟಿ ನೆಲದ ಚಕ್ರಕ್ಕೂ ಅಷ್ಟೇ ಅಲ್ಪ ಬಲ ಸಿಗುತ್ತದೆ. ಗಾಡಿ ನಿಂತಲ್ಲೇ ನಿಲ್ಲುವುದು ಇದರಿಂದ. ಫೋರ್‌ವೀಲ್ ಇದ್ದೂ ಮುಂದೊಂದು, ಹಿಂದೊಂದು ಚಕ್ರ ಸುತ್ತುತ್ತಾ ಗಾಡಿ ಸಿಕ್ಕಿಕೊಳ್ಳುವುದೂ ಇದೇ ಕಾರಣಕ್ಕೆ.

ಇವೆಲ್ಲ ಸಾಲದ ದಾರಿಗಳೂ ಇವೆ. ಕಳಸ, ಮೂಡಿಗೆರೆ, ಸೋಮವಾರಪೇಟೆ ಕಡೆಯ ಕೆಂಪು ಜೇಡಿಯ ತೋಟದ ದಾರಿಯನ್ನು ಆಷಾಢದಲ್ಲಿ ದಿನವೂ ಹತ್ತಿ ಇಳಿಯುವವರಿಗೆ ಫೋರ್‌ವೀಲ್ ಬೇಕೇ ಬೇಕು. ಗೂಡ್ಸ್ ವರ್ಗದಲ್ಲಿ ಬೊಲೆರೊ ಕ್ಯಾಂಪರ್ ಮತ್ತು ಟಾಟಾ ಯೋಧ ಡಬಲ್ ಕ್ಯಾಬಿನ್‌ನಲ್ಲಿ 4×4 ಮಾದರಿಗಳಿವೆ. ಶೋರೂಮಿನಲ್ಲಿ ನಿಂತಿರುವುದಿಲ್ಲ, ಆರ್ಡರ್ ಹಾಕಿ ಕಾಯಬೇಕಾಗುತ್ತದೆ. ಇವು ಪಾರ್ಟ್-ಟೈಮ್ ಫೋರ್‌ವೀಲ್. ಲಿವರಿನಲ್ಲಿ ಮೂರು ಸ್ಥಾನ: ಟೂ-ಹೈ ಟಾರ್ ರಸ್ತೆಗೆ, ಫೋರ್-ಹೈ ಕೆಸರು ಮತ್ತು ಸಡಿಲ ಜಲ್ಲಿಗೆ, ಫೋರ್-ಲೋ ಕಡಿದಾದ ಏರಿಗೂ ಇಳಿತಕ್ಕೂ. ಒಣ ಟಾರ್ ರಸ್ತೆಯಲ್ಲಿ ಫೋರ್-ಹೈ ಹಾಕಿ ತಿರುವು ತೆಗೆದುಕೊಂಡರೆ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಓಡಬೇಕು. ಆ ವ್ಯತ್ಯಾಸ ಹೋಗಲು ದಾರಿಯಿಲ್ಲದೆ ಮುಂದಿನ ಹಿಂದಿನ ಆಕ್ಸಲ್ಲುಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಮತ್ತು ಅದನ್ನು ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನಲ್ಲಿ ಬಿಗಿ ಕಟ್ಟುತ್ತದೆ. ಸ್ಟಿಯರಿಂಗ್ ಭಾರವಾಗುವುದು, ಲಿವರ್ ಹಿಂದಕ್ಕೆ ಬರದಿರುವುದು ಇದರ ಗುರುತು. ಹಾಗಾದರೆ ಸ್ವಲ್ಪ ರಿವರ್ಸ್ ತೆಗೆದು ಬಿಗಿ ಬಿಡಿಸಿ.

ನಾಲ್ಕೂ ಟೈರು ಒಂದೇ ಅಳತೆ, ಹೆಚ್ಚು ಕಡಿಮೆ ಒಂದೇ ಸವೆತದಲ್ಲಿರಬೇಕು. ಮುಂದೆ ಹೊಸದು, ಹಿಂದೆ ಬೋಳು ಹಾಕಿದರೂ ಅದೇ ಬಿಗಿ. ಬೇಸಿಗೆಯಲ್ಲಿ ಆರು ತಿಂಗಳು ಲಿವರ್ ಮುಟ್ಟದೆ ಬಿಟ್ಟರೆ ಮಳೆಗಾಲದ ಮೊದಲ ದಿನವೇ ಅದು ಕೈಕೊಡುತ್ತದೆ. ತಿಂಗಳಿಗೊಮ್ಮೆ ಮಣ್ಣು ದಾರಿಯಲ್ಲಿ ಒಂದು ಕಿ.ಮೀ. ಹಾಕಿ ಓಡಿಸಿ, ಆಯಿಲ್ ಎಲ್ಲೆಡೆ ಹರಡಲಿ. ಟ್ರಾನ್ಸ್‌ಫರ್ ಕೇಸ್ ಮತ್ತು ಮುಂದಿನ ಡಿಫರೆನ್ಷಿಯಲ್ಲಿನ ಆಯಿಲನ್ನು ಸರ್ವೀಸಿನಲ್ಲಿ ಹೆಸರು ಹಿಡಿದು ಕೇಳಿ ಬದಲಿಸಿ, ಸುಮ್ಮನಿದ್ದರೆ ಮರೆಯುತ್ತಾರೆ. ನೀರಿನಲ್ಲಿ ಇಳಿಸಿದ್ದರೆ ಬದಲಿಸುವ ಮೊದಲೇ ಪರೀಕ್ಷಿಸಿ. ಹಾಲು ಬೆರೆಸಿದ ಕಾಫಿ ಬಣ್ಣ ಬಂದಿದ್ದರೆ ಒಳಗೆ ನೀರು ಹೋಗಿದೆ. ಈ ಎಲ್ಲ ಯಂತ್ರದ ತೂಕ ಸುಮಾರು ನೂರು ಕೆಜಿ, ಅದೂ ಲೋಡಿನಿಂದಲೇ ಕಳೆಯುತ್ತದೆ. ವರ್ಷಕ್ಕೆ ಹತ್ತು ದಿನ ಬೇಕಾಗುವ ಫೋರ್‌ವೀಲನ್ನು 355 ದಿನ ಹೊತ್ತು ತಿರುಗುವುದಕ್ಕಿಂತ ಆ ಹತ್ತು ದಿನ ಟ್ರ್ಯಾಕ್ಟರ್ ಬಾಡಿಗೆ ಹಿಡಿಯುವುದು ಅಗ್ಗ.

ಗೇರಿನ ಲೆಕ್ಕ

ಬ್ರೋಷರಿನಲ್ಲಿ ಯಾರೂ ಓದದ ಒಂದು ಸಾಲಿರುತ್ತದೆ, ಗ್ರೇಡೆಬಿಲಿಟಿ. ತುಂಬಿದ ಗಾಡಿ ಎಷ್ಟು ಶೇಕಡ ಏರು ಹತ್ತಬಲ್ಲದು ಎಂಬುದು. ನೂರು ಅಡಿ ಮುಂದೆ ಹೋದಾಗ ಇಪ್ಪತ್ತು ಅಡಿ ಮೇಲೇರಿದರೆ ಅದು 20 ಶೇಕಡ. ಒಟ್ಟು ತೂಕ 3,000 ಕೆಜಿ ಇರುವ ಗಾಡಿ ಮಣ್ಣಿನ ದಾರಿಯಲ್ಲಿ ಇಷ್ಟು ಏರು ಹತ್ತಲು ಹಿಂದಿನ ಆಕ್ಸಲ್ಲಿನಲ್ಲಿ ಸುಮಾರು 2,250 ಎನ್‌ಎಂ ಬೇಕು. 200 ಎನ್‌ಎಂ ಎಂಜಿನ್, ಮೊದಲ ಗೇರ್ 3.8, ಆಕ್ಸಲ್ ಅನುಪಾತ 4.3 ಇದ್ದರೆ ನಷ್ಟ ಕಳೆದು 2,850ರಷ್ಟು ಸಿಗುತ್ತದೆ, ಸಾಕು. ಅದೇ ಗೇರಿಗೆ 140 ಎನ್‌ಎಂ ಎಂಜಿನ್ ಕಟ್ಟಿದರೆ 2,000 ಮಾತ್ರ, ಗಾಡಿ ನಿಲ್ಲುತ್ತದೆ. ಆದ್ದರಿಂದಲೇ ಸಣ್ಣ ಎಂಜಿನ್ ಗಾಡಿಗಳಲ್ಲಿ ಗೇರಿನ ಅನುಪಾತ ದೊಡ್ಡದಿಡುತ್ತಾರೆ. ಅವು ಏರು ಹತ್ತುತ್ತವೆ, ಆದರೆ ಹೆದ್ದಾರಿಯಲ್ಲಿ 70ರ ಮೇಲೆ ಕಿರುಚುತ್ತವೆ. ಎಂಜಿನ್ ಅಂಕಿಯೊಂದನ್ನೇ ಹೋಲಿಸಿದರೆ ಮೋಸ ಹೋಗುವುದು ಇಲ್ಲಿ.

ಚಾರ್ಮಾಡಿಯಂಥ ಘಾಟಿ ಇಳಿಯುವಾಗ ಇದೇ ಅನುಪಾತ ಗಾಡಿಯನ್ನು ಹಿಡಿದಿಡುತ್ತದೆ. ಹತ್ತಲು ಯಾವ ಗೇರ್ ಬೇಕಾಯಿತೋ ಇಳಿಯಲೂ ಅದೇ ಗೇರ್. ನ್ಯೂಟ್ರಲ್ಲಿನಲ್ಲಿ ಬಿಟ್ಟು ಡೀಸೆಲ್ ಉಳಿಸುವ ಹಳೆಯ ಚಾಳಿ ಈಗಿನ ಎಂಜಿನ್ನಿನಲ್ಲಿ ತಿರುಗುಬಾಣ. ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಇಂಧನ ಪೂರ್ತಿ ನಿಲ್ಲುತ್ತದೆ, ನ್ಯೂಟ್ರಲ್ಲಿನಲ್ಲಿ ಐಡಲ್‌ಗೆ ಸುಡುತ್ತಲೇ ಇರುತ್ತದೆ. ಅದರ ಮೇಲೆ ಬ್ರೇಕೂ ಬಿಸಿಯಾಗುತ್ತದೆ.

ವಿ-ಕ್ರಾಸ್, ಹೈಲಕ್ಸ್ ಬಗ್ಗೆ

ಇಸುಝು ವಿ-ಕ್ರಾಸ್‌ಗೆ 1.9 ಲೀಟರ್, 163 ಎಚ್‌ಪಿ, 360 ಎನ್‌ಎಂ. ಟೊಯೊಟಾ ಹೈಲಕ್ಸ್‌ಗೆ 2.8 ಲೀಟರ್, 204 ಎಚ್‌ಪಿ, ಮ್ಯಾನುಯಲ್‌ನಲ್ಲಿ 420, ಆಟೋಮ್ಯಾಟಿಕ್‌ನಲ್ಲಿ 500 ಎನ್‌ಎಂ, ಹಿಂದಿನ ಡಿಫ್‌ಲಾಕ್ ಕೂಡ. ಅಂಕಿ ನೋಡಿ ಮರುಳಾಗುವ ಮೊದಲು ಲೋಡ್ ಮಿತಿ ನೋಡಿ: ಎರಡೂ ಅರ್ಧ ಟನ್ನಿನೊಳಗೆ. ಇವು ವೈಟ್ ಬೋರ್ಡಿನಲ್ಲಿ ಕುಟುಂಬವನ್ನೂ ತೋಟದ ಸಾಮಾನನ್ನೂ ಒಟ್ಟಿಗೆ ಒಯ್ಯುವವರ ಗಾಡಿ. ಬಾಡಿಗೆಗೆ ಓಡಿಸುವವರದ್ದಲ್ಲ. ವಿ-ಕ್ರಾಸ್‌ನಲ್ಲಿ ಟೂವೀಲ್ ಆಟೋಮ್ಯಾಟಿಕ್ ಕೂಡ ಇದೆ. ಬೆಂಗಳೂರಿನಲ್ಲಿದ್ದು ತಿಂಗಳಿಗೆರಡು ಸಲ ಸಕಲೇಶಪುರಕ್ಕೆ ಹೋಗುವವರಿಗೆ ಅದೇ ಸಾಕು, ತೋಟದ ಒಳಗಿನ ಕೊನೆಯ ಏರು ಕಾಂಕ್ರೀಟ್ ಆಗಿದ್ದರೆ.

ಯಾರಿಗೆ ಯಾವುದು

ಪಟ್ಟಣದೊಳಗೆ ದಿನಕ್ಕೆ 80 ಕಿ.ಮೀ. ಒಳಗೆ, ಟನ್ನಿನೊಳಗೆ, ರಾತ್ರಿ ಸ್ವಂತ ಜಾಗದಲ್ಲಿ ನಿಲ್ಲುವ ಗಾಡಿ: ಕರೆಂಟ್. ಅದೇ ಓಟ, ಆದರೆ ಚಾರ್ಜಿಂಗ್ ಜಾಗವಿಲ್ಲ, ಪಂಪು ಎರಡು ಮೂರು ಕಿ.ಮೀ.ನಲ್ಲಿದೆ: ಬೈ-ಫ್ಯೂಯೆಲ್ ಸಿಎನ್‌ಜಿ. ಹಳ್ಳಿಯಿಂದ ಮಂಡಿಗೆ ಒಂದೂವರೆ ಟನ್, ಹೆದ್ದಾರಿ: ಟೂವೀಲ್ ಡೀಸೆಲ್, ಒಟ್ಟು ತೂಕ 3,000ದೊಳಗಿನ ಮಾದರಿಯಲ್ಲಿ ಲೋಡ್ ಸಾಲದಿದ್ದರೆ ಮಾತ್ರ ಮೇಲಿನದು. ಮಲೆನಾಡಿನ ತೋಟ, ದಿನವೂ ಜೇಡಿ ಏರು: ಡೀಸೆಲ್ 4×4, ಲೋಡ್ ಕಡಿಮೆಯಾದರೂ ಸರಿ. ತೋಟದೊಳಗೇ ದಿನಕ್ಕೆ ಹತ್ತು ಕಿ.ಮೀ. ಓಡುವ ಡೀಸೆಲ್ ಗಾಡಿಯನ್ನು ವಾರಕ್ಕೊಮ್ಮೆಯಾದರೂ ಪೇಟೆಗೆ ಒಯ್ದು ಅರ್ಧ ಗಂಟೆ ಒಂದೇ ಸಮ ಓಡಿಸಿ, ಇಲ್ಲದಿದ್ದರೆ ಜರಡಿ ಕಟ್ಟುತ್ತದೆ.

ಬೆಲೆ ವಿಚಾರಿಸುವಾಗ ಹಳೆಯ ಕೊಟೇಶನ್ ನಂಬಬೇಡಿ. 2025ರ ಸೆಪ್ಟೆಂಬರ್ 22ರಿಂದ ಸರಕು ಸಾಗಣೆ ವಾಹನಗಳ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿದಿದೆ. ಟೆಸ್ಟ್ ಡ್ರೈವ್ ಖಾಲಿ ಗಾಡಿಯಲ್ಲಿ ಬೇಡ. ಹತ್ತಿರದ ಸಿಮೆಂಟ್ ಅಂಗಡಿಯಿಂದ 50 ಕೆಜಿಯ ಇಪ್ಪತ್ತು ಮೂಟೆ ಹಾಕಿಸಿ, ನಿಮ್ಮೂರಿನ ಏರಿನ ನಡುವೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಮತ್ತೆ ಹೊರಡಿಸಿ. ಮೂರು ಸಲ ಹೀಗೆ ಮಾಡಿದಾಗ ಕ್ಲಚ್ ಸುಟ್ಟ ವಾಸನೆ ಬಂದರೆ ಆ ಎಂಜಿನ್ ನಿಮ್ಮ ದಾರಿಗೆ ಸಣ್ಣದು. ಫೋರ್‌ವೀಲ್ ಆದರೆ ಡೆಲಿವರಿಯ ದಿನ ಶೋರೂಮಿನ ಹಿಂದಿನ ಮಣ್ಣಿನ ಜಾಗದಲ್ಲೇ ಲಿವರನ್ನು ಮೂರೂ ಸ್ಥಾನಕ್ಕೆ ಹಾಕಿ ತೆಗೆದು, ಮುಂದಿನ ಚಕ್ರ ಎಳೆಯುವುದನ್ನು ಕಣ್ಣಾರೆ ನೋಡಿ, ಆಮೇಲೆ ಕೀ ತೆಗೆದುಕೊಳ್ಳಿ.